ಅಂಕ 57, ಅಂಕ 58: ಆರೈಕೆಗೆ ನಿಂತವರ ಬದುಕನ್ನು ಅಳೆದ ಒಂದು ಪ್ರಕರಣ

ಕಡತದಲ್ಲಿ ಎರಡು ಹಾಳೆಗಳಿವೆ. ಕ್ಯಾನ್ಸರ್ ರೋಗಿಯೊಬ್ಬರ ಆರೈಕೆಗೆ ನಿಂತ ಹೆಂಡತಿಯ ಜೀವನ ಗುಣಮಟ್ಟವನ್ನು ಅಳೆದ ಪ್ರಶ್ನಾವಳಿಗಳು ಅವು; ಹೆಚ್ಚು ಅಂಕ ಎಂದರೆ ಒಳ್ಳೆಯ ಬದುಕು. ಮೊದಲನೆಯದು ಗಂಡನಿಗೆ ವಿಕಿರಣ ಚಿಕಿತ್ಸೆ ನಡೆಯುತ್ತಿದ್ದ ನಾಲ್ಕನೆಯ ವಾರದ್ದು. ಹೆಂಡತಿಯ ಒಟ್ಟು ಅಂಕ 140ಕ್ಕೆ 57. ಎರಡನೆಯದು ಊರಿಗೆ ಮರಳಿ ಎರಡು ತಿಂಗಳಾದ ಮೇಲಿನದು. ಒಟ್ಟು ಅಂಕ 58. ಈ ಎರಡು ಸಂಖ್ಯೆಗಳನ್ನಷ್ಟೇ ಕಂಪ್ಯೂಟರಿಗೆ ಹಾಕಿ ಕೇಳಿದರೆ, ಆ ಹೆಂಗಸಿನ ಬದುಕಿನಲ್ಲಿ ಏನೂ ಬದಲಾಗಿಲ್ಲ ಎಂಬ ಉತ್ತರ ಬರುತ್ತದೆ. ನಿಜದಲ್ಲಿ ಆ ಅವಧಿಯಲ್ಲಿ ಆಕೆಯ ಹೊರೆ ಕಾಲುಭಾಗಕ್ಕಿಂತ ಹೆಚ್ಚೇ ಇಳಿದಿತ್ತು, ಆಕೆಯನ್ನು ಎತ್ತಿ ಹಿಡಿದಿದ್ದ ಆಸರೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿದಿತ್ತು. ಕೂಡುವ ಕಳೆಯುವ ಲೆಕ್ಕದಲ್ಲಿ ಎರಡೂ ಒಂದನ್ನೊಂದು ನುಂಗಿಹಾಕಿದವು.

ಬದುಕನ್ನು ಅಂಕಗಳಲ್ಲಿ ಅಳೆಯಲಾಗದು ಎನ್ನುವವರಿಗೆ ಇದೊಂದು ಒಳ್ಳೆಯ ಸಾಕ್ಷಿಯಂತೆ ಕಾಣಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಹಾಳೆಯ ಕೊನೆಯ ಸಾಲನ್ನು ಮಾತ್ರ ಓದಿ ಅದರ ಮೇಲಿನ ಮೂವತ್ತೈದು ಸಾಲುಗಳನ್ನು ಓದದೆ ಬಿಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ, ದೋಷ ಅಲ್ಲಿದೆ.

ಒಂದು ವಿಷಯ ಮೊದಲೇ ಹೇಳಬೇಕು. ಇಲ್ಲಿ ಬರುವ ಕುಟುಂಬ ಯಾವುದೇ ಒಂದು ಮನೆಯ ಪಡಿಯಚ್ಚಲ್ಲ. ಆಸ್ಪತ್ರೆಯ ಸಮಾಜ ಕಾರ್ಯ ವಿಭಾಗಕ್ಕೆ ಬರುವ ಹಲವು ಮನೆಗಳ ಸಂಗತಿಗಳನ್ನು ಕೂಡಿಸಿ, ಗುರುತು ಸಿಗುವ ವಿವರಗಳನ್ನು ತೆಗೆದು, ಕಲಿಕೆಗಾಗಿ ಕಟ್ಟಿದ ಪ್ರಕರಣ ಇದು. ಅಂಕಗಳನ್ನೂ ಅದಕ್ಕೆ ತಕ್ಕಂತೆ ಜೋಡಿಸಿದ್ದೇನೆ. ಅಳತೆಗೋಲು, ಚಿಕಿತ್ಸೆಯ ಕ್ರಮ, ಸರ್ಕಾರದ ಯೋಜನೆಗಳು ಮಾತ್ರ ಇರುವುದು ಇರುವಂತೆಯೇ ಇವೆ.

ಮನೆ ಮತ್ತು ಕಾಯಿಲೆ

ಹಾವೇರಿ ಜಿಲ್ಲೆಯ ಹಳ್ಳಿ. ಮಳೆ ನಂಬಿದ ಮೂರು ಎಕರೆ ಹೊಲ, ಅದರಲ್ಲಿ ಮೆಕ್ಕೆಜೋಳ. ಡೇರಿಗೆ ಹಾಲು ಹಾಕಲು ಎರಡು ಆಕಳು. ಯಜಮಾನರಿಗೆ 58 ವರ್ಷ, ಹೆಂಡತಿಗೆ 51. ಒಬ್ಬನೇ ಮಗ ಬೆಂಗಳೂರಿನ ಪೀಣ್ಯದಲ್ಲಿ ಗುತ್ತಿಗೆ ಕಾರ್ಮಿಕ. ಸೊಸೆ ಮತ್ತು ಆರು ವರ್ಷದ ಮೊಮ್ಮಗಳು ಊರಿನಲ್ಲಿಯೇ ಇದ್ದಾರೆ.

ಯಜಮಾನರಿಗೆ ಬಂದದ್ದು ಎಡಗೆನ್ನೆಯ ಒಳಭಾಗದ ಕ್ಯಾನ್ಸರ್. ಇಪ್ಪತ್ತು ವರ್ಷ ಗುಟ್ಕಾ ಜಗಿದ ಬಾಯಿ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಅದೇ ಅಂಗಡಿಯ ಅದೇ ದಾರಕ್ಕೆ ಜೋತುಬಿದ್ದವು; ಗಿರಾಕಿ ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳುವ ಶ್ರಮವೊಂದು ಹೆಚ್ಚಾಯಿತು, ಅಷ್ಟೆ. ಬಾಯಿ ಪೂರ್ತಿ ತೆರೆಯಲಾಗದೆ ರೊಟ್ಟಿ ತಿನ್ನುವುದು ನಿಂತಾಗ ಮನೆಯವರು ವೈದ್ಯರ ಬಳಿಗೆ ಕರೆದುಕೊಂಡು ಹೋದರು.

ಚಿಕಿತ್ಸೆಗೆ ಹುಬ್ಬಳ್ಳಿ ಹತ್ತಿರವಿತ್ತು. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಆದರೂ ಮಗ ಬೆಂಗಳೂರಿನಲ್ಲಿದ್ದಾನೆ, ಅವನು ನೋಡಿಕೊಳ್ಳುತ್ತಾನೆ ಎಂಬ ಲೆಕ್ಕದಲ್ಲಿ ರಾಜಧಾನಿಗೆ ಬಂದರು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಮಗನದು ಪಾಳಿ ಕೆಲಸ, ನಾಲ್ವರು ಹಂಚಿಕೊಂಡ ಒಂದು ಕೋಣೆ, ರಜೆ ಹಾಕಿದರೆ ಸಂಬಳ ಕಡಿತ. ಅವನಿಂದ ಆಗುತ್ತಿದ್ದದ್ದು ಕಾಗದಪತ್ರ ಓಡಾಡಿಸುವುದು, ಸಹಿ ಹಾಕುವುದು, ಭಾನುವಾರ ಬಂದು ಹೋಗುವುದು. ಉಳಿದ ಆರು ದಿನ ಮತ್ತು ಏಳೂ ರಾತ್ರಿ ಅವನ ತಾಯಿಯವು.

ಮೊದಲು ಶಸ್ತ್ರಚಿಕಿತ್ಸೆ: ಕೆನ್ನೆಯ ಒಳಭಾಗ ಮತ್ತು ದವಡೆಯ ಒಂದು ತುಂಡನ್ನು ತೆಗೆದು, ಎದೆಯ ಸ್ನಾಯುವಿನಿಂದ ಆ ಜಾಗವನ್ನು ಮುಚ್ಚಲಾಯಿತು. ನಂತರ ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 30 ಬಾರಿ ವಿಕಿರಣ. ಜನರ ಬಾಯಲ್ಲಿ ಇದು 'ಕರೆಂಟು'. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ಸರದಿಗಾಗಿ ಕಾಯುವುದು ಅರ್ಧ ದಿನ. ಗಂಡ ಹೆಂಡತಿ ಆಸ್ಪತ್ರೆಯ ಬಳಿಯ ಧರ್ಮಶಾಲೆಯಲ್ಲಿ ಉಳಿದುಕೊಂಡರು.

ಮೂರನೆಯ ವಾರದ ಹೊತ್ತಿಗೆ ಬಾಯಿಯ ಒಳಪದರ ಬೆಂದು ಹುಣ್ಣಾಯಿತು. ನೀರು ಗುಟುಕರಿಸಿದರೂ ಉರಿ. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದ ಮೇಲೆ ಆಕೆಯ ದಿನ ಎರಡೆರಡು ಗಂಟೆಯ ತುಂಡುಗಳಾಯಿತು: ರಾಗಿ ಗಂಜಿ ಕಾಯಿಸು, ತೆಳುವಾದ ಬಟ್ಟೆಯಲ್ಲಿ ಸೋಸು, ಆರಿಸು, ಸಿರಿಂಜಿನಲ್ಲಿ ನಿಧಾನವಾಗಿ ಇಳಿಸು, ನಳಿಕೆ ಕಟ್ಟಿಕೊಳ್ಳದಂತೆ ನೀರು ಹಾಯಿಸು, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿಸು, ಮತ್ತೆ ಒಲೆಯ ಮುಂದೆ ಕೂರು. ಸರಿಯಾಗಿ ಸೋಸದ ಒಂದು ಚಮಚ ಹಿಟ್ಟು ನಳಿಕೆಯನ್ನು ಮುಚ್ಚಿದರೆ ಹೊಸ ನಳಿಕೆಗಾಗಿ ಮತ್ತೆ ಸರದಿಯಲ್ಲಿ ನಿಲ್ಲಬೇಕು. ಓದುಬರಹ ಬಾರದ ಹೆಂಗಸು ಇಷ್ಟನ್ನೂ ಒಂದೇ ಮಧ್ಯಾಹ್ನ ಕಲಿತರು.

ಅಳತೆಗೋಲು

ಇಂಥವರ ಬದುಕನ್ನು ಅಳೆಯಬೇಕೆಂಬ ಆಸಕ್ತಿ ತೀರಾ ಹಳೆಯದಲ್ಲ. ರೋಗಿಯ ನೋವಿಗೆ, ರೋಗಿಯ ಹಸಿವಿಗೆ ಅಂಕಪಟ್ಟಿಗಳು ಬಂದ ಎಷ್ಟೋ ಕಾಲದ ಮೇಲೆ ಪಕ್ಕದ ಸ್ಟೂಲಿನ ಮೇಲೆ ಕೂತವರ ಕಡೆಗೆ ಕಣ್ಣು ಹೊರಳಿತು. 1980ರಲ್ಲಿ ಅಮೆರಿಕದ ಸ್ಟೀವನ್ ಜಾರಿಟ್ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ ವೃದ್ಧರನ್ನು ನೋಡಿಕೊಳ್ಳುವವರ ಹೊರೆ ಅಳೆಯುವ ಪ್ರಶ್ನಾವಳಿ ರೂಪಿಸಿದರು. ಇಂದು ಹೆಚ್ಚು ಬಳಕೆಯಲ್ಲಿರುವ ಅದರ ರೂಪದಲ್ಲಿ 22 ಪ್ರಶ್ನೆಗಳಿವೆ, ಗರಿಷ್ಠ ಅಂಕ 88. ವಿಶ್ವ ಆರೋಗ್ಯ ಸಂಸ್ಥೆ 1991ರಿಂದ ಬೆಳೆಸಿದ ಜೀವನ ಗುಣಮಟ್ಟದ ಪ್ರಶ್ನಾವಳಿಯ ಚಿಕ್ಕ ರೂಪದಲ್ಲಿ 26 ಪ್ರಶ್ನೆಗಳು. ಅದರ ಮೂಲ ತಯಾರಿಕೆಯಲ್ಲಿ ದೆಹಲಿ ಮತ್ತು ಚೆನ್ನೈ ಕೇಂದ್ರಗಳೂ ಸೇರಿದ್ದವು. ಯಾವುದೇ ಮನುಷ್ಯನಿಗೆ ಕೇಳಬಹುದಾದ ಪ್ರಶ್ನೆಗಳಾದ್ದರಿಂದ ಆರೈಕೆ ಮಾಡುವವರನ್ನೂ ಮಾಡದವರನ್ನೂ ಹೋಲಿಸಲು ಅದೇ ಸೂಕ್ತ.

ಕ್ಯಾನ್ಸರ್ ರೋಗಿಗಳ ಕುಟುಂಬದವರಿಗೆಂದೇ ಇರುವುದು 1999ರಲ್ಲಿ ಫ್ಲಾರಿಡಾದ ಮೊಫಿಟ್ ಕ್ಯಾನ್ಸರ್ ಕೇಂದ್ರದ ಮೈಕೇಲ್ ವೈಟ್ಸ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಸೂಚ್ಯಂಕ. ನಾವು ಬಳಸಿದ್ದು ಇದರ ಕನ್ನಡ ರೂಪವನ್ನು. ಒಟ್ಟು 35 ಪ್ರಶ್ನೆಗಳು, ಪ್ರತಿಯೊಂದಕ್ಕೂ 'ಇಲ್ಲವೇ ಇಲ್ಲ'ದಿಂದ 'ತುಂಬಾ'ದವರೆಗೆ ಐದು ಮೆಟ್ಟಿಲು, ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಹತ್ತು ಪ್ರಶ್ನೆ ಹೊರೆಯ ಬಗ್ಗೆ, ಏಳು ದಿನಚರಿಯ ಏರುಪೇರಿನ ಬಗ್ಗೆ, ಏಳು ಈ ಕಷ್ಟದ ನಡುವೆಯೂ ಸಿಕ್ಕ ಒಳಿತಿನ ಬಗ್ಗೆ, ಮೂರು ಹಣದ ಬಗ್ಗೆ. ಉಳಿದ ಎಂಟು ಬಿಡಿ ಪ್ರಶ್ನೆಗಳು. ಕೇಳುವುದು ಕಳೆದ ಏಳು ದಿನಗಳ ಬಗ್ಗೆ ಮಾತ್ರ. 'ನಿದ್ದೆ ಕೆಟ್ಟಿದೆ' ಎಂಬಂಥ ಮಾತಿಗೆ 'ತುಂಬಾ' ಎಂದರೆ ಅಂಕ ಸೊನ್ನೆ, ಏಕೆಂದರೆ ಇಲ್ಲಿ ಹೆಚ್ಚು ಅಂಕ ಎಂದರೆ ಒಳ್ಳೆಯ ಬದುಕು. ಜಾರಿಟ್ ಪಟ್ಟಿಯಲ್ಲಿ ಇದು ಪೂರ್ತಿ ಉಲ್ಟಾ, ಹೆಚ್ಚು ಅಂಕ ಎಂದರೆ ಹೆಚ್ಚು ಹೊರೆ. ಎರಡನ್ನೂ ಒಂದೇ ಕಡತದಲ್ಲಿ ಇಡುವವರು ಪ್ರತಿ ಹಾಳೆಯ ತಲೆಯ ಮೇಲೆ ಇದನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳುವುದು ಕ್ಷೇಮ.

ಮೂಲ ಸಂಶೋಧನೆಯಲ್ಲಿ ಇದರ ಆಂತರಿಕ ಹೊಂದಾಣಿಕೆ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದು) 0.91, ಮರುಪರೀಕ್ಷೆಯ ಸ್ಥಿರತೆ (ಮತ್ತೆ ಕೇಳಿದರೆ ಅದೇ ಅಂಕ ಎಷ್ಟರ ಮಟ್ಟಿಗೆ ಬರುತ್ತದೆ ಎಂಬುದು) 0.95 ಎಂದು ಬಂದಿತ್ತು; ಎರಡಕ್ಕೂ ಗರಿಷ್ಠ 1. ಒಳ್ಳೆಯ ಸಂಖ್ಯೆಗಳೇ. ಆದರೆ ಪ್ರಶ್ನೆಗಳು ಹುಟ್ಟಿದ ಮನೆಯ ಕಿಟಕಿಯಾಚೆ ಒಂದು ಕಾರು ನಿಂತಿದೆ. ರೋಗಿಯನ್ನು ತಪಾಸಣೆಗೆ ಕಾರಿನಲ್ಲಿ ಕರೆದೊಯ್ಯಬೇಕಾದ ಕಿರಿಕಿರಿಯ ಬಗ್ಗೆ ಒಂದು ಪ್ರಶ್ನೆಯಿದೆ. ವಿಮೆಯ ಬಗ್ಗೆ ಒಂದು. ಹವ್ಯಾಸಗಳನ್ನು ಉಳಿಸಿಕೊಳ್ಳುವ ಕಷ್ಟದ ಬಗ್ಗೆ ಒಂದು. ಮನೆಗೆಲಸ ಮುಗಿದ ಮೇಲೆ ನಿಮ್ಮ ಹವ್ಯಾಸವೇನು ಎಂದು ಕೇಳಿದಾಗ ಆಕೆ ದಾದಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಶ್ರಾವಣದಲ್ಲಿ ಭಜನೆಗೆ ಹೋಗುತ್ತಿದ್ದೆ" ಎಂದರು. ಉತ್ತರ ಸಿಕ್ಕಿತು.

ಕೇಳಿದ್ದು ಯಾರನ್ನು

ವಾರ್ಡಿನ ಬಾಗಿಲಲ್ಲಿ ನಿಂತು "ಪೇಷೆಂಟ್ ಕಡೆಯವರು ಯಾರು?" ಎಂದು ಕೂಗಿದರೆ ಎದ್ದು ಬರುವುದು ಓದು ಬಲ್ಲ ಗಂಡಸು. ಆಸ್ಪತ್ರೆಗಳ ಪದ್ಧತಿಯೇ ಹೀಗೆ ಬೆಳೆದಿದೆ: ಸಹಿ ಯಾರದೋ ಪ್ರಶ್ನಾವಳಿಯೂ ಅವರಿಗೆ. ಈ ಪ್ರಕರಣದಲ್ಲಿಯೂ ತಾಯಿಗಿಂತ ಮೊದಲು ಒಂದು ಹಾಳೆಯನ್ನು ಮಗ ತುಂಬಿದ. ಕಾರಿಡಾರಿನಲ್ಲಿ ನಿಂತುಕೊಂಡೇ ಹತ್ತು ನಿಮಿಷದಲ್ಲಿ ಮುಗಿಸಿದ ಅವನ ಒಟ್ಟು ಅಂಕ 91. ಅವನು ಸುಳ್ಳು ಬರೆದಿರಲಿಲ್ಲ. ಅವನ ನಿದ್ದೆ ಚೆನ್ನಾಗಿಯೇ ಇತ್ತು. ಆ 91 ಆರೈಕೆದಾರರ ಸರಾಸರಿಯಲ್ಲಿ ಸೇರಿಹೋಗಿದ್ದರೆ, ನಮ್ಮಲ್ಲಿ ಕುಟುಂಬದವರು ಪರವಾಗಿಲ್ಲ, ಗಟ್ಟಿಯಾಗಿದ್ದಾರೆ ಎಂಬ ಇನ್ನೊಂದು ಸುಂದರ ಕೋಷ್ಟಕ ತಯಾರಾಗುತ್ತಿತ್ತು. ಸಾಂಪ್ರದಾಯಿಕ ಕುಟುಂಬದ ಸಹನಶಕ್ತಿಯ ಬಗ್ಗೆ ಎರಡು ಪುಟದ ಚರ್ಚೆಯೂ ಅದರ ಕೆಳಗೆ ಬರುತ್ತಿತ್ತು.

ರೋಗಿಯ ಮೈ ಒರೆಸುವವರು ಯಾರು, ರಾತ್ರಿ ಎರಡು ಗಂಟೆಗೆ ಎದ್ದೇಳುವವರು ಯಾರು ಎಂದು ಕೇಳಿದಾಗ ಹಾಳೆ ತಾಯಿಯ ಕೈಗೆ ಬಂತು. ಮಂಚದ ಪಕ್ಕದಲ್ಲಿ ಕೂತು ದಾದಿ ಓದತೊಡಗಿದರು. ದುಃಖವಾಗುತ್ತದೆಯೇ? ಇಲ್ಲ. ಸಿಟ್ಟು ಬರುತ್ತದೆಯೇ? ಇಲ್ಲ ಮೇಡಂ. ಅವರು ತೀರಿಕೊಳ್ಳಬಹುದೆಂಬ ಭಯವಿದೆಯೇ ಎಂಬ ಪ್ರಶ್ನೆ ಬರುವ ಹೊತ್ತಿಗೆ ದಾದಿ ಓದುವುದನ್ನು ನಿಲ್ಲಿಸಿದರು. ಮಾತನಾಡಲು ಬಾರದೆ ಮಲಗಿದ್ದ ಯಜಮಾನರಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು.

ಮರುದಿನ ಯಜಮಾನರು ವಿಕಿರಣದ ಕೋಣೆಯ ಸರದಿಯಲ್ಲಿದ್ದಾಗ, ಮಗ ಅವರ ಜೊತೆಗಿದ್ದಾಗ, ಹೆಂಡತಿಯನ್ನು ಬೇರೆ ಕೋಣೆಯಲ್ಲಿ ಕೂರಿಸಿ ಮೊದಲಿನಿಂದ ಕೇಳಲಾಯಿತು. ಐದು ಮೆಟ್ಟಿಲನ್ನು ತೋರಿಸಲು ಐದು ಲೋಟಗಳಿದ್ದವು: ಒಂದು ಖಾಲಿ, ಒಂದು ತುಂಬಿದ್ದು, ನಡುವೆ ಮೂರು ಬೇರೆ ಬೇರೆ ಮಟ್ಟದವು. ಬೆರಳು ಇಟ್ಟರೆ ಸಾಕು. ಆ ದಿನ 35 ಪ್ರಶ್ನೆಗಳಿಗೆ ಒಂದು ಗಂಟೆಗೂ ಮೀರಿ ಹಿಡಿಯಿತು, ಏಕೆಂದರೆ ಆಕೆ ಬೆರಳಿಟ್ಟು ಸುಮ್ಮನಾಗಲಿಲ್ಲ. ಪ್ರತಿ ಲೋಟಕ್ಕೂ ಒಂದು ಕಥೆಯಿತ್ತು. ದಾಂಪತ್ಯದ ಸುಖದ ಬಗೆಗಿನ ಪ್ರಶ್ನೆಗೆ ಮಾತ್ರ ನಕ್ಕು ಸೆರಗು ಬಾಯಿಗಿಟ್ಟುಕೊಂಡು ಮುಂದೆ ಹೋಗಿ ಎಂದರು. ಅದನ್ನು ಉತ್ತರವಿಲ್ಲ ಎಂದೇ ಬರೆದು, ಉಳಿದ ಉತ್ತರಗಳ ಸರಾಸರಿಯಿಂದ ಆ ಜಾಗ ತುಂಬಲಾಯಿತು. ಎಷ್ಟೋ ಕಡೆ ಸಂದರ್ಶಕರು ಮುಜುಗರಪಟ್ಟು ತಾವೇ ಒಂದು ಅಂಕ ಹಾಕಿಬಿಡುತ್ತಾರೆ, ಇಲ್ಲವೇ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಕೇಳಬೇಕು, ಉತ್ತರಿಸದಿರುವ ಹಕ್ಕನ್ನೂ ಕೊಡಬೇಕು.

ಮೊದಲ ಹಾಳೆ

ಹೊರೆ 40ಕ್ಕೆ 11. ದಿನಚರಿ 28ಕ್ಕೆ 9. ಒಳಿತು 28ಕ್ಕೆ 21. ಹಣ 12ಕ್ಕೆ 4. ಬಿಡಿ ಪ್ರಶ್ನೆಗಳು 32ಕ್ಕೆ 12. ಒಟ್ಟು 57.

ಹಣದ ನಾಲ್ಕು ಅಂಕ ಎಲ್ಲಿಂದ ಬಂತು ಎಂಬುದನ್ನು ನೋಡಿದರೆ ನಗು ಬರುತ್ತದೆ. ವಿಮೆಯ ಚಿಂತೆ ಇದೆಯೇ ಎಂದರೆ "ಕಾರ್ಡ್ ಇದೆ, ಚಿಂತೆ ಇಲ್ಲ" ಎಂದರು. ಆ ಒಂದು ಪ್ರಶ್ನೆಗೆ ಪೂರ್ತಿ ನಾಲ್ಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುವುದರಿಂದ ಶಸ್ತ್ರಚಿಕಿತ್ಸೆಗೂ ವಿಕಿರಣಕ್ಕೂ ಅವರು ಕೈಯಿಂದ ಕೊಡಬೇಕಾಗಲಿಲ್ಲ. ಉಳಿದ ಎರಡು ಪ್ರಶ್ನೆಗೆ ಸೊನ್ನೆ, ಸೊನ್ನೆ. ಹೊಲ ಬಿತ್ತನೆಯಾಗಿಲ್ಲ, ಸ್ವಸಹಾಯ ಸಂಘದ ವಾರದ ಕಂತು ನಿಂತಿಲ್ಲ, ಒಂದು ಆಕಳು ಮಾರಾಟವಾಗಿದೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬಂದ ದಿನವೇ ಕಂತಿಗೆ ಹೋಗುತ್ತದೆ. ಶಕ್ತಿ ಯೋಜನೆಯಿಂದಾಗಿ ಆಕೆಗೆ ಬಸ್ಸು ಉಚಿತ, ಯಜಮಾನರಿಗೆ ಟಿಕೆಟ್ಟು. ಚಿಕಿತ್ಸೆಯ ಖರ್ಚು ಬೇರೆ, ಕಾಯಿಲೆಯ ಖರ್ಚು ಬೇರೆ. ಕಾರ್ಡು ಮೊದಲನೆಯದನ್ನು ಮಾತ್ರ ಭರಿಸುತ್ತದೆ.

ಹೊರೆಯ 11ರಲ್ಲಿ ಎದ್ದು ಕಂಡದ್ದು ನಿದ್ದೆಯ ಸೊನ್ನೆ. ನೋವಿನ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ ಎಂದು ಚೀಟಿಯಲ್ಲಿತ್ತು. ಗಡಿಯಾರ ಓದಲು ಬಾರದ ಆಕೆ ಹೊತ್ತು ತಪ್ಪೀತೆಂಬ ಹೆದರಿಕೆಯಲ್ಲಿ ರಾತ್ರಿಯಿಡೀ ಪಕ್ಕದವರ ಮೊಬೈಲ್ ಕೇಳುತ್ತ ಕೂರುತ್ತಿದ್ದರು. ಇದಕ್ಕೆ ಆಪ್ತಸಮಾಲೋಚನೆ ಬೇಕಿರಲಿಲ್ಲ. ಮಲಗುವಾಗಿನ ಮಾತ್ರೆಯ ಪ್ರಮಾಣವನ್ನು ಎರಡರಷ್ಟು ಮಾಡಿ ನಡುರಾತ್ರಿಯ ಮಾತ್ರೆಯನ್ನು ಕೈಬಿಡುವುದು ನೋವು ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯಲ್ಲಿ ಬಹುಕಾಲದಿಂದ ಇರುವ ಕ್ರಮ. ವೈದ್ಯರು ಚೀಟಿ ತಿದ್ದಿದರು. ಆ ವಾರ ಇಬ್ಬರೂ ಮಲಗಿದರು. ಆರೈಕೆದಾರರ ಜೀವನ ಗುಣಮಟ್ಟ ಎಂದೊಡನೆ ಧ್ಯಾನ, ಸಾಂತ್ವನ, ಶಿಬಿರ ಎಂದು ಯೋಚಿಸುವವರು ಮೊದಲು ರೋಗಿಯ ಔಷಧದ ಚೀಟಿಯನ್ನು ನೋಡಲಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಅವಳ ನಿದ್ದೆ ಅವನ ಮಾತ್ರೆಯಲ್ಲಿತ್ತು.

ಜೀವನ ಗುಣಮಟ್ಟದ ಅಂಕ ಖಿನ್ನತೆಯನ್ನು ಪತ್ತೆ ಮಾಡುವುದಿಲ್ಲ. ಆದ್ದರಿಂದ ಅದಕ್ಕೆಂದೇ ಇರುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನೂ ಕೇಳಲಾಯಿತು. 27ಕ್ಕೆ 12 ಬಂತು, ಮಧ್ಯಮ ಮಟ್ಟ. ಸಾಯುವ ಯೋಚನೆ ಬರುತ್ತದೆಯೇ ಎಂಬ ಒಂಬತ್ತನೆಯ ಪ್ರಶ್ನೆಗೆ ಉತ್ತರ 'ಇಲ್ಲ'. 'ಹೌದು' ಎಂದು ಬಂದರೆ ಆ ಕ್ಷಣವೇ ಯಾರನ್ನು ಕರೆಯಬೇಕೆಂಬುದು ಗೊತ್ತಿಲ್ಲದ ಕಡೆ ಆ ಪಟ್ಟಿಯನ್ನು ಕೈಗೆತ್ತಿಕೊಳ್ಳಲೇಬಾರದು. ಊರಿಗೆ ಹೋದ ಮೇಲೆ ಬೇಕಾದೀತೆಂದು ಟೆಲಿ-ಮಾನಸ್ ಸಹಾಯವಾಣಿ 14416ನ್ನು ಮಗನ ಮೊಬೈಲಿನಲ್ಲಿಯೂ ಆಕೆಯ ಚೀಟಿಯಲ್ಲಿಯೂ ಬರೆದುಕೊಡಲಾಯಿತು.

ಇಷ್ಟರ ನಡುವೆ ಒಳಿತಿನ ಏಳು ಪ್ರಶ್ನೆಗಳಲ್ಲಿ 21. ಮೊದಲ ಓದಿಗೆ ನಮ್ಮ ತಂಡದಲ್ಲಿ ಕೆಲವರು ಇದನ್ನು ದೈವಭಕ್ತಿಗೆ ಬರೆದುಕೊಂಡರು. ದೇವರ ಮೇಲಿನ ನಂಬಿಕೆ ಹೆಚ್ಚಿದೆಯೇ ಎಂಬುದಕ್ಕೆ ಆಕೆ ಪೂರ್ತಿ ನಾಲ್ಕು ಕೊಟ್ಟದ್ದು ನಿಜ. ಆದರೆ ನೆರೆಹೊರೆಯವರ ಮತ್ತು ಸ್ನೇಹಿತರ ಬೆಂಬಲಕ್ಕೂ ನಾಲ್ಕು ಕೊಟ್ಟಿದ್ದರು. ಊರಿನಿಂದ ಇನ್ನೂರು ಮೈಲಿ ದೂರದಲ್ಲಿ ಯಾವ ನೆರೆಹೊರೆ? ಕೇಳಿದಾಗ ಧರ್ಮಶಾಲೆಯ ಸಾಲು ಹಾಸಿಗೆಗಳ ಹೆಂಗಸರ ಹೆಸರುಗಳು ಬಂದವು. ರಾಯಚೂರಿನ ಕಡೆಯ ಒಬ್ಬರ ಗಂಡನಿಗೂ ಇದೇ ಕಾಯಿಲೆ. ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಎರಡೂ ನಳಿಕೆ ನೋಡಿಕೊಳ್ಳುತ್ತಿದ್ದರು. ಯಾವ ಬಟ್ಟೆಯಲ್ಲಿ ಸೋಸಿದರೆ ಹಿಟ್ಟು ಕಟ್ಟುವುದಿಲ್ಲ, ಯಾವ ಕೌಂಟರಿನವರು ಸಿಡುಕುವುದಿಲ್ಲ, ಎಲ್ಲವೂ ಅಲ್ಲಿಯೇ ಕಲಿತದ್ದು. ಸಂಜೆ ಅಳಲು ಒಂದು ಜಾಗವೂ ಇತ್ತು, ಬಟ್ಟೆ ಒಗೆಯುವ ಕಲ್ಲಿನ ಬಳಿ. ಅಲ್ಲಿ ಅತ್ತರೆ ಯಾರೂ ಕಾರಣ ಕೇಳುತ್ತಿರಲಿಲ್ಲ.

ಕುಟುಂಬದ ಬೆಂಬಲ ತೃಪ್ತಿ ತಂದಿದೆಯೇ ಎಂಬ ಪ್ರಶ್ನೆಗೆ ಅದೇ ದಿನ ಆಕೆ ಕೊಟ್ಟ ಅಂಕ ಒಂದು.

ಎರಡನೆಯ ಹಾಳೆ

ತಪಾಸಣೆಗೆ ಬಂದಾಗ ಯಜಮಾನರ ನಳಿಕೆ ತೆಗೆಯಲಾಗಿತ್ತು. ಮೆತ್ತನೆಯ ಅನ್ನ ಸಾರು ಬಾಯಿಂದಲೇ ಇಳಿಯುತ್ತಿತ್ತು, ಮಾರ್ಫಿನ್ ನಿಂತಿತ್ತು. ಹೊರೆಯ ಅಂಕ 11ರಿಂದ 19ಕ್ಕೆ ಏರಿದ್ದು, ಅಂದರೆ ಹೊರೆ ಇಳಿದದ್ದು, ಸಹಜ. ದಿನಚರಿ ಅದೇ 9. ಹಣ 5, ಬಿಡಿ ಪ್ರಶ್ನೆಗಳು 13. ಒಳಿತಿನ ಭಾಗ ಮಾತ್ರ 21ರಿಂದ 12ಕ್ಕೆ ಬಿದ್ದಿತ್ತು. ಒಟ್ಟು 58.

ಆ ಏಳು ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆವು. ನಂಬಿಕೆ ನಾಲ್ಕರಲ್ಲಿಯೇ ಇತ್ತು. ದೇವರು ಆಕೆಯನ್ನು ಕೈಬಿಟ್ಟಿರಲಿಲ್ಲ. ನೆರೆಹೊರೆ ನಾಲ್ಕರಿಂದ ಒಂದಕ್ಕೆ. ಮನೆಯವರೊಳಗಿನ ಮಾತುಕತೆ ಮೂರರಿಂದ ಒಂದಕ್ಕೆ. ಬದುಕಿನ ಬಗೆಗಿನ ಭರವಸೆ ಮೂರರಿಂದ ಒಂದಕ್ಕೆ. ಗಂಡನೊಂದಿಗಿನ ಹತ್ತಿರ, ಆರೈಕೆಯಲ್ಲಿನ ಸಂತೋಷ ಮೂರರಿಂದ ಎರಡಕ್ಕೆ. ಕುಟುಂಬದ ಬೆಂಬಲ ಆಗಲೂ ಒಂದು, ಈಗಲೂ ಒಂದು.

ಊರಿನಲ್ಲಿ ನಡೆದದ್ದು ಇಷ್ಟು. ಮೊದಲ ವಾರ ನೋಡಲು ಬಂದವರಿಗೆ ಚಹಾ ಕಾಯಿಸಿ ಸಾಕಾಯಿತು. ಬಂದವರೆಲ್ಲ ಯಜಮಾನರ ಮುಖವನ್ನು ನೋಡಿ, ಹೊರಗೆ ಬಂದು ಆಕೆಗೆ ಹೇಳಿದ್ದು ಒಂದೇ ಮಾತು: "ನೀನಾದರೂ ಆ ಗುಟ್ಕಾ ಚೀಟು ಬಿಡಿಸಬೇಕಿತ್ತು." ಎರಡನೆಯ ವಾರದಿಂದ ಬರುವವರು ಕಡಿಮೆಯಾದರು. ದಿನಾ ಮಜ್ಜಿಗೆ ಒಯ್ಯುತ್ತಿದ್ದ ಎರಡು ಮನೆಯವರು ಒಯ್ಯುವುದನ್ನು ನಿಲ್ಲಿಸಿದರು. ಕ್ಯಾನ್ಸರ್ ಅಂಟುರೋಗವಲ್ಲ ಎಂದು ಆಕೆಗೆ ಗೊತ್ತಿತ್ತು, ಧರ್ಮಶಾಲೆಯಲ್ಲಿ ತಿಂಗಳುಗಟ್ಟಲೆ ಅದರ ನಡುವೆಯೇ ಉಂಡು ಮಲಗಿದವರು ಅವರು. ಮಜ್ಜಿಗೆಗೆ ಬಾರದವರಿಗೆ ಅದನ್ನು ಹೇಳುವುದು ಹೇಗೆ? ಯಜಮಾನರಿಗೆ ಮಾತು ಸ್ಪಷ್ಟವಿಲ್ಲ. ಕೇಳಿಸಿಕೊಳ್ಳಲಾಗದೆ ಎರಡನೆಯ ಸಲ ಕೇಳಿದರೆ ರೇಗುತ್ತಾರೆ. ಮಗ ಬೆಂಗಳೂರಿನಲ್ಲಿ. ಚಿಕಿತ್ಸೆ ಮುಗಿಯಿತಲ್ಲ, ಇನ್ನೇನು ಎಂಬ ಭಾವನೆ ಎಲ್ಲರದೂ. "ಅಲ್ಲಿಯೇ ಚೆನ್ನಾಗಿತ್ತು" ಎಂದು ಆಕೆ ಹೇಳಿದಾಗ ಮಗ ನೊಂದುಕೊಂಡ. ಅಲ್ಲಿ ಎಂದರೆ ಸೊಳ್ಳೆ, ಸರದಿ, ಸಿಮೆಂಟ್ ನೆಲ ಎಂಬುದಷ್ಟೇ ಅವನಿಗೆ ಗೊತ್ತಿತ್ತು.

ಹೊರೆ ಇಳಿದರೆ ಬದುಕು ಸುಧಾರಿಸುತ್ತದೆ ಎಂಬ ಊಹೆಯ ಮೇಲೆ ನಮ್ಮ ಬಹುಪಾಲು ಸೇವೆಗಳು ನಿಂತಿವೆ. ಹೊರೆಯನ್ನಷ್ಟೇ ಕೇಳುವ ಪ್ರಶ್ನಾವಳಿಯನ್ನು ಕೊಟ್ಟಿದ್ದರೆ ಈ ಪ್ರಕರಣ ಯಶಸ್ಸಿನ ಪಟ್ಟಿಯಲ್ಲಿ ಸೇರುತ್ತಿತ್ತು. ಒಟ್ಟು ಅಂಕವನ್ನಷ್ಟೇ ನೋಡಿದ್ದರೆ ಬದಲಾವಣೆ ಇಲ್ಲ ಎಂಬ ಪಟ್ಟಿಯಲ್ಲಿ. ಭಾಗವಾರು ಅಂಕಗಳನ್ನು ನೋಡಿದಾಗ ಮಾತ್ರ, ಚಿಕಿತ್ಸೆ ಮುಗಿದ ದಿನ ಆಕೆಯಿಂದ ಏನನ್ನು ಕಿತ್ತುಕೊಂಡೆವು ಎಂಬುದು ಕಾಣಿಸಿತು. ಒಬ್ಬರ ಅಂಕದಿಂದ ಸಿದ್ಧಾಂತ ಕಟ್ಟಲಾಗದು ನಿಜ. ಒಂದೆರಡು ಅಂಕದ ಏರಿಳಿತ ಆ ದಿನದ ಮನಸ್ಥಿತಿಯೂ ಇರಬಹುದು. 28ರಲ್ಲಿ ಒಂಬತ್ತು ಅಂಕದ ಕುಸಿತವನ್ನು, ಅದೂ ಕಾರಣವನ್ನು ಆಕೆಯೇ ಬಾಯಿಬಿಟ್ಟು ಹೇಳಿದ ಮೇಲೆ, ಮನಸ್ಥಿತಿ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.

1999ರಲ್ಲಿಯೇ ಅಮೆರಿಕದಲ್ಲಿ ಷುಲ್ಟ್ಸ್ ಮತ್ತು ಬೀಚ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದನ್ನು ಈ ಕ್ಷೇತ್ರದವರೆಲ್ಲ ಬಲ್ಲರು. ಸಂಗಾತಿಯ ಆರೈಕೆ ಮಾಡುತ್ತ ಅದರಿಂದ ಒತ್ತಡ ಅನುಭವಿಸುತ್ತಿದ್ದ ವೃದ್ಧರಲ್ಲಿ, ಆರೈಕೆಯ ಹೊಣೆ ಇಲ್ಲದವರಿಗೆ ಹೋಲಿಸಿದರೆ, ನಾಲ್ಕು ವರ್ಷಗಳಲ್ಲಿ ಸಾವಿನ ಸಂಭವ ಶೇ. 63ರಷ್ಟು ಹೆಚ್ಚಿತ್ತು. ಆರೈಕೆ ಮಾಡಿಯೂ ಒತ್ತಡವಿಲ್ಲ ಎಂದವರಲ್ಲಿ ಆ ಏರಿಕೆ ಕಾಣಲಿಲ್ಲ. ಅದು ಕ್ಯಾನ್ಸರ್ ಕುಟುಂಬಗಳಿಗಷ್ಟೇ ಸೇರಿದ ಅಧ್ಯಯನವಲ್ಲ. ಆದರೂ ಆ ವ್ಯತ್ಯಾಸವನ್ನು ಗಮನಿಸಬೇಕು: ಕೆಲಸದ ಪ್ರಮಾಣವಷ್ಟೇ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಹೇಗೆ ಹೊರುತ್ತಾರೆ ಎಂಬುದೂ ಬರುತ್ತದೆ.

ಮಾಡಿದ್ದು ದೊಡ್ಡದೇನಲ್ಲ. ರಾಯಚೂರಿನ ಕಡೆಯ ಗೆಳತಿಯ ಫೋನ್ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಕೊಡಿಸಲಾಯಿತು. ಇಬ್ಬರೂ ವಾರಕ್ಕೆರಡು ಸಲ ಮಾತನಾಡತೊಡಗಿದರು. ಊರಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿದೆವು. ಆಕೆ ಭಾಷಣ ಮಾಡಲಿಲ್ಲ. ಆ ಮನೆಗೆ ಹೋಗಿ ಜಗುಲಿಯಲ್ಲಿ, ಬೀದಿಗೆ ಕಾಣುವಂತೆ ಕೂತು ಮಜ್ಜಿಗೆ ಕುಡಿದು ಬಂದರು. ನಮ್ಮ ಯಾವ ಕರಪತ್ರಕ್ಕೂ ಇಷ್ಟು ಬುದ್ಧಿ ಇರಲಿಲ್ಲ. ಮಗನೊಂದಿಗೆ ಮಾತನಾಡಿದಾಗ, ತಿಂಗಳಿಗೆ ಎರಡು ವಾರಾಂತ್ಯ ಊರಿಗೆ ಬಂದು ತಂದೆಯ ಸ್ನಾನ, ಊಟ, ಔಷಧ ತಾನೇ ನೋಡಿಕೊಳ್ಳುವುದಾಗಿ ಒಪ್ಪಿದ. ಒಪ್ಪಿದ್ದರಲ್ಲಿ ಅರ್ಧ ನಡೆಸಿದ.

ಮೂರನೆಯ ಸಲ ಹಾಳೆ ತೆಗೆದಾಗ ಆಕೆ ಕೈ ಅಡ್ಡ ಇಟ್ಟರು. "ಮತ್ತೆ ಅದೇ ಪ್ರಶ್ನೆಗಳಾ ಮೇಡಂ? ಅವರು ಸಾಯುತ್ತಾರಾ ಅಂತ ಎಷ್ಟು ಸಲ ಕೇಳುತ್ತೀರಿ?" ನ್ಯಾಯವಾದ ಮಾತು. ಒಳಿತಿನ ಏಳು ಮತ್ತು ಹಣದ ಮೂರು ಪ್ರಶ್ನೆಗಳನ್ನಷ್ಟೇ ಕೇಳಿ ಬಿಟ್ಟೆವು. ನೆರೆಹೊರೆ ಒಂದರಿಂದ ಮೂರಕ್ಕೆ ಬಂದಿತ್ತು. ಒಟ್ಟು ಅಂಕ ಬರೆಯುವ ಜಾಗ ಖಾಲಿ ಉಳಿಯಿತು. ಸಂಶೋಧನೆಯ ದೃಷ್ಟಿಯಿಂದ ಅದು ಅಪೂರ್ಣ ಹಾಳೆ. ಇರಲಿ.

ಸೊಸೆ

ಆ ಮೂರನೆಯ ಭೇಟಿಗೆ ಅತ್ತೆಯ ಜೊತೆ ಸೊಸೆಯೂ ಬಂದಿದ್ದಳು. 27 ವರ್ಷ. ಮಾವ ಬೆಂಗಳೂರಿನಲ್ಲಿದ್ದಷ್ಟು ದಿನ ಹಾಲು ಕರೆದು ಡೇರಿಗೆ ಹಾಕಿದವಳು, ಮಗಳನ್ನು ಶಾಲೆಗೆ ಕಳಿಸಿದವಳು, ಸಂಘದ ಸಭೆಯಲ್ಲಿ ಕಂತಿಗೆ ಬೈಗುಳ ತಿಂದವಳು, ಕೊನೆಗೆ ಆಕಳನ್ನು ಸಂತೆಗೆ ಹೊಡೆದುಕೊಂಡು ಹೋದವಳು ಅವಳೇ. ರೋಗಿಯ ಹತ್ತಿರ ಒಂದು ದಿನವೂ ಇರಲಿಲ್ಲವಾದ್ದರಿಂದ ನಮ್ಮ ಯಾವ ಕಾಗದದಲ್ಲಿಯೂ ಅವಳು ಆರೈಕೆಯವಳಲ್ಲ. ಅವಳಿಗೂ ಹಾಳೆ ಕೊಟ್ಟೆವು. ಓದಿಕೊಂಡು ತಾನೇ ತುಂಬಿದಳು.

ಹೊರೆ 22, ಅತ್ತೆಗಿಂತ ಉತ್ತಮ. ದಿನಚರಿ 5, ಒಳಿತು 7, ಹಣ 1, ಬಿಡಿ ಪ್ರಶ್ನೆಗಳು 9. ಒಟ್ಟು 44. ಆ ಮನೆಯಲ್ಲಿ ಅಳೆದವರ ಪೈಕಿ ಎಲ್ಲರಿಗಿಂತ ಕಡಿಮೆ.

ಈ ಸೂಚ್ಯಂಕವನ್ನು ರೋಗಿಯ ಪಕ್ಕದಲ್ಲಿ ಇರುವವರಿಗಾಗಿ ಕಟ್ಟಲಾಗಿದೆ. ರೋಗಿಯ ಊಟದ ಬದಲಾವಣೆ, ನೋವಿನ ನಿರ್ವಹಣೆ ಮೊದಲಾದ ಪ್ರಶ್ನೆಗಳಿಗೆ ದೂರದಲ್ಲಿದ್ದವಳು ತೊಂದರೆ ಇಲ್ಲ ಎಂದೇ ಗುರುತು ಹಾಕುತ್ತಾಳೆ, ಅಂಕ ಏರುತ್ತದೆ. ಹಾಗೆ ಏರಿದ ಮೇಲೂ 44. ಕಾಯಿಲೆಯ ಬಗ್ಗೆ ನಿಮಗೆ ಸಾಕಷ್ಟು ಮಾಹಿತಿ ಸಿಕ್ಕಿದೆಯೇ ಎಂಬ ಪ್ರಶ್ನೆಗೆ ಸೊನ್ನೆ ಹಾಕಿ, ಪಕ್ಕದಲ್ಲಿ ಪೆನ್ನಿನಿಂದ ಬರೆದಿದ್ದಳು: 'ಯಾರೂ ಹೇಳಿಲ್ಲ.' ಆರು ತಿಂಗಳು ಅವಳಿಗೆ ಫೋನಿನಲ್ಲಿ ಸಿಕ್ಕದ್ದು "ಚಿಕಿತ್ಸೆ ನಡೆಯುತ್ತಿದೆ" ಎಂಬ ಒಂದೇ ವಾಕ್ಯ. ಮಾವನಿಗೆ ಏನು ಕತ್ತರಿಸಿದ್ದಾರೆ ಎಂಬುದು ಅವರು ಬಸ್ಸಿನಿಂದ ಇಳಿದಾಗಲೇ ತಿಳಿದದ್ದು. ಮೊಮ್ಮಗಳು ಹೆದರಿ ಒಳಗೆ ಓಡಿದ್ದಳು.

ಏನು ಬೇಕು ಎಂದು ಕೇಳಿದಾಗ ಹಣ ಎನ್ನಬಹುದೆಂದುಕೊಂಡಿದ್ದೆವು. ಸಂಘದ ಕಂತನ್ನು ಮುಂದೂಡಿಸಲು ಪತ್ರ ಕೊಟ್ಟದ್ದೂ ಉಂಟು. ಅವಳು ಕೇಳಿದ್ದು ಬೇರೆ: ಮುಂದಿನ ಸಲ ಏನಾದರೂ ಆದರೆ ಆಸ್ಪತ್ರೆಯವರೇ ತನಗೆ ಫೋನ್ ಮಾಡಿ ಹೇಳಬೇಕು, ಗಂಡನ ಮೂಲಕ ಬೇಡ.

ಈಗ ನಮ್ಮ ದಾಖಲಾತಿಯ ಹಾಳೆಯಲ್ಲಿ ಎರಡು ಸಾಲುಗಳು ಹೊಸದಾಗಿ ಸೇರಿವೆ. ರಾತ್ರಿ ರೋಗಿಯ ಜೊತೆ ಯಾರು ಇರುತ್ತಾರೆ ಎಂಬುದು ಒಂದು, ಊರಿನಲ್ಲಿ ಮನೆ ನಡೆಸುತ್ತಿರುವವರು ಯಾರು ಎಂಬುದು ಇನ್ನೊಂದು. ಸಹಿ ಮಾಡುವವರ ಹೆಸರು ಅವುಗಳ ಕೆಳಗೆ ಬರುತ್ತದೆ. ಎರಡನೆಯ ಸಾಲಿನಲ್ಲಿ ಹೆಸರಿದ್ದವರಿಗೆ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಬೇಕೆಂದು ಠರಾವು ಬರೆದಿದ್ದೇವೆ. ಕರೆ ಮಾಡುವುದು ಯಾರ ಕೆಲಸ, ಅದಕ್ಕೆ ಯಾರ ಸಮಯವನ್ನು ಲೆಕ್ಕ ಹಾಕುವುದು ಎಂಬ ಟಿಪ್ಪಣಿ ಆಡಳಿತ ವಿಭಾಗದ ಮೇಜಿನ ಮೇಲಿದೆ. ಸದ್ಯಕ್ಕೆ ದಾದಿಯೊಬ್ಬರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ತಮ್ಮ ಮೊಬೈಲಿನಿಂದಲೇ ಮಾಡುತ್ತಿದ್ದಾರೆ.